ಮಂಗಳವಾರಕ್ಕೆ

"ಯಾವ ಸಮಾರಂಭಕ್ಕೆ?" ಎಂದು ಕೇಳಿದೆ.
ದರ್ಜಿಯ ಮೊದಲ ಪ್ರಶ್ನೆ ಅದು, ಕೇಳಲೇಬೇಕು.
ಮದುವೆಗಾದರೆ ಮಿರುಗು, ಸಾವಿಗಾದರೆ ಕಪ್ಪು,
ಡಾಕ್ಟರ ಹತ್ತಿರ ಹೋಗುವುದಾದರೆ ಬೇಗ ಬಿಚ್ಚುವ ಗುಂಡಿ.
ನಿವೆಸ್ ಕೈಗವಸು ಕಳಚಿದಳು, ಬೆರಳು ಬೆರಳಾಗಿ,
"ಮಂಗಳವಾರಕ್ಕೆ" ಅಂದಳು.

"ಯಾವ ಮಂಗಳವಾರ?"
"ಯಾವುದಾದರೂ. ಬ್ರೆಡ್ಡು ತರಲು ಹೋಗುತ್ತೇನಲ್ಲ, ಅದಕ್ಕೆ."

ಹೊರಗೆ ಬೋರಾ, ಗುಡ್ಡದಿಂದ ಕಡಲಿಗೆ ಧುಮುಕುವ ಗಾಳಿ.
ತ್ರಿಯೆಸ್ತೆಯಲ್ಲಿ ಹೆಂಗಸರ ಉಡುಪಿನ
ಮೊದಲ ವಿಮರ್ಶಕ ಅದೇ:
ಹಗುರಾದದ್ದನ್ನು ತಲೆಗೇರಿಸುತ್ತದೆ, ದೊಗಳೆಯಾದದ್ದನ್ನು ಊದಿ
ನಡುಬೀದಿಯಲ್ಲಿ ನಿನ್ನನ್ನು ಡೇರೆ ಮಾಡುತ್ತದೆ.

ನಲವತ್ತೊಂದು ವರ್ಷ ಬಂದರಿನಲ್ಲಿ
ಕಾಫಿ ಮೂಟೆ ತೂಗಿದವಳು ನಿವೆಸ್.
ಬೂದು ಕೋಟು, ಬೂದು ಸ್ಕರ್ಟು, ವರ್ಷಕ್ಕೆರಡು ಜೊತೆ,
ಅಳತೆ ಗಂಡಸರದು, ಭುಜ ಮೊಣಕೈ ಕಡೆ ಜಾರಿದ್ದು.
"ಊಟ ನನ್ನಿಚ್ಛೆ, ನೋಟ ಪರರಿಚ್ಛೆ,
ಹಾಗೇ ಕಳೆದೆ, ಜೋರ್ಕಾ" ಅಂದಳು.
"ನಿವೃತ್ತಿಯ ದಿನ ಬೂದು ಕಳಚಿದೆ.
ಮಾರನೆಯ ದಿನ ಅಂಗಡಿಗೆ ಹೋಗಿ
ಬೇರೆ ಬೂದು ಕೊಂಡೆ."

ಕನ್ನಡಿಯ ಮುಂದೆ ನಿಲ್ಲಿಸಿದೆ. ಕಣ್ಣು ಮುಚ್ಚಿಕೊಂಡಳು.
"ತೂಗುವವಳು ನಾನು, ತೂಗಿಸಿಕೊಂಡು ಗೊತ್ತಿಲ್ಲ."
ನನ್ನ ಅಂಗಡಿಯಲ್ಲಿ ಒಂದು ಪದ್ಧತಿ:
ಸೊಂಟದ ಅಂಕಿಯನ್ನು ಗಟ್ಟಿಯಾಗಿ ಓದುವುದಿಲ್ಲ.
ಸೀಮೆಸುಣ್ಣದಲ್ಲಿ ಬಟ್ಟೆಯ ಒಳಮೈಗೆ ಬರೆಯುತ್ತೇನೆ,
ಹೊಲಿದಾದ ಮೇಲೆ ಕೊಡವಿದರೆ ಮುಗಿಯಿತು.

ಹೇಳಿದೆ: ಹೊಟ್ಟೆ ಮುಚ್ಚಲು ಡೇರೆ ಹೊದೆಯಬೇಡ,
ಮುಚ್ಚಿದಷ್ಟೂ ಅದು ದೊಡ್ಡ ಗುಟ್ಟಾಗುತ್ತದೆ.
ಭುಜದ ಹೊಲಿಗೆ ಭುಜದ ಎಲುಬಿನ ಮೇಲೇ ಕೂರಲಿ,
ಅದೊಂದು ಸರಿಯಾದರೆ ಕೆಳಗಿನದೆಲ್ಲ ನೆಟ್ಟಗೆ ಇಳಿಯುತ್ತದೆ.
ತೋಳು ಮಣಿಕಟ್ಟಿಗಿಂತ ನಾಲ್ಕು ಬೆರಳು ಮೇಲೆ ನಿಲ್ಲಲಿ;
ಮಣಿಕಟ್ಟಿಗೆ ವಯಸ್ಸಿನ ಸುದ್ದಿ ತಡವಾಗಿ ತಲುಪುತ್ತದೆ.
ಕತ್ತಿನ ಸುಕ್ಕಿಗೆ ಹೆದರಿ ಗಂಟಲವರೆಗೆ ಗುಂಡಿ ಹಾಕಬೇಡ,
ಎರಡು ಬಿಚ್ಚು, ಉಸಿರಾಡಲಿ.
ಕಪ್ಪು ಮುಖಕ್ಕೆ ಹತ್ತಿರ ಬಂದರೆ
ಕಣ್ಣಡಿಯ ನೆರಳಿನ ಜೊತೆ ಸೇರಿ ಪಿಸುಗುಡುತ್ತದೆ,
ಕಾಲಿಗೆ ಇರಲಿ ಅದು, ಬೂಟಿಗೆ.

ಇಷ್ಟು ಹೇಳಿ ನನಗೇ ನಾಚಿಕೆಯಾಯಿತು.
ನನ್ನ ಮೈಮೇಲೆ ಗುಂಡುಸೂಜಿ ಚುಚ್ಚಿದ ಹಳೆಯ ಏಪ್ರನ್ನು,
ಜೇಬಿನಲ್ಲಿ ನೂಲುಂಡೆ, ಅರ್ಧ ಬಿಸ್ಕತ್ತು.

ಬಟ್ಟೆಯ ಸುರುಳಿಗಳನ್ನು ಬಿಚ್ಚಿ ಹರವಿದೆ:
ನೀಲಿ, ಇಟ್ಟಿಗೆ ಕೆಂಪು, ಒಣಹುಲ್ಲು.
ಬೆರಳಿಂದ ಮುಟ್ಟಿ ಮುಟ್ಟಿ ಎಲ್ಲ ಬಿಟ್ಟಳು,
ಕಪಾಟಿನ ತಳದಿಂದ ಯಾರಿಗೂ ಬೇಡವಾದ
ಒಂದು ಮಂಕು ಹಸಿರು ಎಳೆದಳು.
ಉಣ್ಣೆ, ಭಾರ ಇದೆ, ಗಾಳಿಗೆ ಜಗ್ಗದು.
"ಇದು" ಅಂದಳು.
"ಹುರಿಯುವ ಮೊದಲಿನ ಬೀಜ.
ಮೂಟೆ ಹರಿದ ದಿನ ನೆಲದ ಮೇಲೆ ಚೆಲ್ಲುತ್ತಿತ್ತು,
ಗುಡಿಸುವ ನೆಪದಲ್ಲಿ ಬಗ್ಗಿ
ಹಿಡಿ ತುಂಬಾ ನೋಡುತ್ತಿದ್ದೆ.
ಊರೆಲ್ಲ ಕುಡಿಯುವುದು ಕಪ್ಪನ್ನು,
ಈ ಬಣ್ಣ ಕಂಡವರು ನಾವು ನಾಲ್ಕೇ ಜನ."

ಕಿಟಕಿಯ ಬೆಳಕಿಗೆ ಹಿಡಿದು ಅವಳ ಗಲ್ಲದ ಕೆಳಗಿಟ್ಟೆ.
ನರೆಗೂದಲು ಇದ್ದಕ್ಕಿದ್ದಂತೆ ಬೆಳ್ಳಿಯಾಯಿತು.
ಮೂವತ್ತು ವರ್ಷದ ಕಸುಬು ನನ್ನದು,
ಆ ಬಣ್ಣವನ್ನು ನಾನಾಗಿ ಯಾರಿಗೂ ತೋರಿಸುತ್ತಿರಲಿಲ್ಲ.

ಮೂರು ವಾರದ ನಂತರ, ಮಂಗಳವಾರ,
ಬೋರಾ ಕಸದ ಡಬ್ಬಿಗಳನ್ನು ಉರುಳಿಸಿಕೊಂಡು ಹೋಗುವಾಗ
ಕಿಟಕಿಯಾಚೆ ಹಸಿರು ಕೋಟೊಂದು ಹಾದುಹೋಯಿತು,
ಗಾಳಿಗೆ ಎದೆಗೊಟ್ಟು, ಬಗಲಲ್ಲಿ ಉದ್ದದ ಬ್ರೆಡ್ಡು.
ಕೈಬೀಸಲು ಎದ್ದೆ. ಅಷ್ಟರಲ್ಲಿ ಬಾಗಿಲು ತೆರೆದು
ಅವಳೇ ಒಳಗೆ ಬಂದಳು, ಸಿಟ್ಟಿನಿಂದ.

"ಜೋರ್ಕಾ, ಈ ಜೇಬಲ್ಲಿ ಬೀಗದ ಕೈ ಹಿಡಿಯುವುದಿಲ್ಲ.
ದೊಡ್ಡದು ಮಾಡು.
ನಿಂತಿರುತ್ತೇನೆ,
ಬಿಚ್ಚುವುದಿಲ್ಲ."